ಎಪಿಐ ಮಿತಿ ಮುಟ್ಟಿದಾಗ: ಸ್ಲೀಪ್, ಬ್ಯಾಕ್‌ಆಫ್, ಹೆಡರ್, ಇಟ್ಯಾಗ್

ಕೋಡ್ ಇಡುವ ತಾಣ ಗಿಟ್‌ಹಬ್‌ನ ರೆಸ್ಟ್ ಎಪಿಐನಿಂದ (ಪ್ರೋಗ್ರಾಂಗಳು ವೆಬ್ ಮೂಲಕ ಡೇಟಾ ಕೇಳುವ ದಾರಿ) ಹಲವು ರೆಪೊಗಳ (ಕೋಡ್ ಸಂಗ್ರಹಗಳ) ಇಶ್ಯೂಗಳನ್ನು (ದೋಷ, ಬೇಡಿಕೆಗಳ ಟಿಪ್ಪಣಿಗಳನ್ನು) ತರುವ ಸ್ಕ್ರಿಪ್ಟ್ ಒಂದು ನನ್ನ ಬಳಿ ಇದೆ. ಟೋಕನ್ (ಖಾತೆ ಗುರುತಿಸುವ ಗುಪ್ತ ಕೀಲಿ) ಇಲ್ಲದೆ ಕೇಳಿದರೆ ಗಂಟೆಗೆ 60 ರಿಕ್ವೆಸ್ಟ್, ಟೋಕನ್ ಕೊಟ್ಟರೆ 5,000. ಹಾಗಾಗಿ ಟೋಕನ್ ಹಾಕುವುದರಲ್ಲಿ ಚರ್ಚೆಯೇ ಇಲ್ಲ. ಆಮೇಲಿನ ದಾರಿಗಳನ್ನು ಅದೇ ಸ್ಕ್ರಿಪ್ಟ್‌ನಲ್ಲಿ ಹಾಕಿ ನೋಡಿದೆ.

ಸ್ಲೀಪ್, ಅಂದರೆ ಪ್ರತಿ ರಿಕ್ವೆಸ್ಟ್ ಆದ ಮೇಲೆ ನಿಗದಿತ ಹೊತ್ತು ನಿಲ್ಲುವುದು, ಅತಿ ಸುಲಭ. ಗಂಟೆಯ 3,600 ಸೆಕೆಂಡನ್ನು 5,000ಕ್ಕೆ ಹಂಚಿದರೆ ಪ್ರತಿ ರಿಕ್ವೆಸ್ಟ್‌ಗೆ 0.72 ಸೆಕೆಂಡು. ಆದರೆ ಕೋಟಾ ಬೇಕಾದಷ್ಟು ಉಳಿದಿದ್ದರೂ ಅದು ಸುಮ್ನೆ ಕಾಯುತ್ತದೆ. ನಿಮ್ಮದೇ ಖಾತೆಯಲ್ಲಿ ಇನ್ನೊಂದು ಸ್ಕ್ರಿಪ್ಟ್ ಓಡಿದರೆ ಲೆಕ್ಕವೇ ಕೆಡುತ್ತದೆ. ಚಿಕ್ಕ ಕೆಲಸಕ್ಕೆ ಸಾಕು, ಅಷ್ಟೇ.

ಬ್ಯಾಕ್‌ಆಫ್ ಎಂದರೆ ಎರರ್ ಬಂದಾಗ 1, 2, 4, 8 ಸೆಕೆಂಡು ಎಂದು ಕಾಯುವ ಸಮಯ ದುಪ್ಪಟ್ಟಾಗುತ್ತಾ ಹೋಗುವುದು. ಜೊತೆಗೆ ಸ್ವಲ್ಪ ರ‍್ಯಾಂಡಮ್ ಜಿಟ್ಟರ್ (ಕಾಯುವ ಸಮಯದಲ್ಲಿ ಏರುಪೇರು) ಸೇರಿಸಬೇಕು. ಇಲ್ಲದಿದ್ದರೆ ಎಲ್ಲ ಕ್ಲೈಂಟ್‌ಗಳೂ ಒಂದೇ ಕ್ಷಣದಲ್ಲಿ ಮತ್ತೆ ಬಾಗಿಲು ಬಡಿಯುತ್ತವೆ. ಸರ್ವರ್ ತಾತ್ಕಾಲಿಕವಾಗಿ ಸುಸ್ತಾಗಿ 503 ಎರರ್ ಕೋಡ್ ಕೊಟ್ಟಾಗ ಇದು ನಿಜಕ್ಕೂ ಒಳ್ಳೆಯದು. ಗಂಟೆಯ ಕೋಟಾ ಮುಗಿದಾಗ ಮಾತ್ರ ಇದು ಬರೀ ಊಹೆ. ಮಿತಿ ಮುಗಿದ ಮೇಲೂ ಕೇಳುತ್ತಲೇ ಇದ್ದರೆ ನಿಮ್ಮ ಆ್ಯಪ್ ಅನ್ನೇ ನಿಷೇಧಿಸಬಹುದು ಎಂದು ಗಿಟ್‌ಹಬ್ ಎಚ್ಚರಿಸಿದೆ.

ಉತ್ತರ ಸರ್ವರೇ ಹೇಳುತ್ತಿರುವಾಗ ಊಹೆ ಯಾಕೆ, ಅಲ್ವಾ? ಪ್ರತಿ ಉತ್ತರದ ಜೊತೆ ಹೆಡರ್ ಎಂಬ ಮಾಹಿತಿ ಸಾಲುಗಳು ಬರುತ್ತವೆ. ಎಕ್ಸ್-ರೇಟ್‌ಲಿಮಿಟ್-ರಿಮೈನಿಂಗ್ ಹೆಡರ್ ಎಷ್ಟು ಉಳಿದಿದೆ ಎನ್ನುತ್ತದೆ. ಎಕ್ಸ್-ರೇಟ್‌ಲಿಮಿಟ್-ರಿಸೆಟ್ ಯಾವಾಗ ಮತ್ತೆ ತುಂಬುತ್ತದೆ ಎಂದು ಎಪಾಕ್ ಸೆಕೆಂಡುಗಳಲ್ಲಿ (1970ರ ಜನವರಿ 1ರಿಂದ ಎಣಿಸಿದ ಸೆಕೆಂಡು) ಕೊಡುತ್ತದೆ. ಎಷ್ಟು ಸೆಕೆಂಡು ಕಾಯಬೇಕೆಂದು ಹೇಳುವ ರಿಟ್ರೈ-ಆಫ್ಟರ್ ಬಂದರೆ ಅದಕ್ಕೇ ಮೊದಲ ಮರ್ಯಾದೆ. 2012ರ ಆರ್‌ಎಫ್‌ಸಿ 6585 ಎಂಬ ಇಂಟರ್ನೆಟ್ ನಿಯಮ ದಾಖಲೆ ಮಿತಿ ಮೀರಿದ್ದಕ್ಕೆಂದೇ 429 ಕೋಡ್ ತಂದಿತು. ಆದರೆ ಗಿಟ್‌ಹಬ್ 403 (ಅನುಮತಿ ಇಲ್ಲ) ಕೂಡ ಕೊಡಬಹುದು, ಎರಡನ್ನೂ ನೋಡಿ.

ನನ್ನ ಮಟ್ಟಿಗೆ ಗೆದ್ದದ್ದು ಕಾಯುವ ಯಾವ ವಿಧಾನವೂ ಅಲ್ಲ, ಕಡಿಮೆ ಕೇಳುವುದು. ಹಿಂದಿನ ಉತ್ತರದ ಇಟ್ಯಾಗ್ (ಆ ಉತ್ತರದ ಆವೃತ್ತಿಯ ಗುರುತು) ಉಳಿಸಿಕೊಂಡು ಇಫ್-ನನ್-ಮ್ಯಾಚ್ ಹೆಡರ್‌ನಲ್ಲಿ ಕಳಿಸಿದೆ. ಡೇಟಾ ಬದಲಾಗದಿದ್ದರೆ 304 (ಬದಲಾಗಿಲ್ಲ) ಕೋಡ್ ಬರುತ್ತದೆ. ಟೋಕನ್ ಜೊತೆ ಕೇಳಿದ್ದರೆ ಅದು ಗಂಟೆಯ ಕೋಟಾದಲ್ಲಿ ಎಣಿಕೆಯೇ ಆಗುವುದಿಲ್ಲ! ಪುಟಕ್ಕೆ 30ರ ಬದಲು 100 ಇಶ್ಯೂ ಕೇಳಿದರೆ ಉಳಿದ ರಿಕ್ವೆಸ್ಟ್‌ಗಳೂ ಮೊದಲಿನ ಮೂರನೇ ಒಂದಕ್ಕಿಂತ ಸ್ವಲ್ಪ ಕೆಳಕ್ಕೆ ಇಳಿಯುತ್ತವೆ. ಒಂದು ತೊಡಕಿದೆ: ಪಟ್ಟಿಯಲ್ಲಿ ಒಂದೇ ಇಶ್ಯೂ ಬದಲಾದರೂ ಇಡೀ ಪುಟದ ಇಟ್ಯಾಗ್ ಬದಲಾಗುತ್ತದೆ. ಚಟುವಟಿಕೆ ಜಾಸ್ತಿ ಇರುವ ರೆಪೊಗಳಿಗೆ ‘ಸಿನ್ಸ್’ ಪ್ಯಾರಾಮೀಟರ್ ಕೊಟ್ಟು, ಕಳೆದ ಬಾರಿಯ ನಂತರ ಬದಲಾದದ್ದನ್ನಷ್ಟೇ ತರಿಸುತ್ತೇನೆ.