ಮಣ್ಣು ಬಗೆದವರಿಗೂ ಒಂದು ಜಾಗ: ನಿಮ್ಹಾನ್ಸ್‌ನ ಇಂಟಿಗ್ರೇಟಿವ್ ಮೆಡಿಸಿನ್ ವಿಭಾಗ

ಫೈರ್ ಸರ್ವಿಸ್‌ನವರು, 108 ಆಂಬುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ಕೊಡುವ ಇಎಂಟಿಗಳು, ಅದನ್ನು ಓಡಿಸುವ ಪೈಲಟ್‌ಗಳು, ಹೋಂ ಗಾರ್ಡ್‌ಗಳು, ಗುಡ್ಡ ಕುಸಿದ ಸುದ್ದಿ ಕೇಳಿ ಹಾರೆ ಹಿಡಿದು ಓಡುವ ಊರ ಹುಡುಗರು, ಆ ಗುಡ್ಡದ ಕೆಳಗೆ ಮನೆ ಕಳೆದುಕೊಂಡವರು. ಈ ರಿವ್ಯೂ ನಿಮಗಾಗಿ. ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಇಂಟಿಗ್ರೇಟಿವ್ ಮೆಡಿಸಿನ್ ಅಂತ ಒಂದು ವಿಭಾಗ ಇದೆ. ಮನೋವೈದ್ಯರು ಇರುವ ಆವರಣದಲ್ಲೇ ಯೋಗವೂ ಆಯುರ್ವೇದವೂ ಸಿಗುತ್ತವೆ. ನಾನೂ ಹೋಗಿದ್ದೆ, ನಮ್ಮ ಚಿಕ್ಕಮ್ಮನನ್ನೂ ಕರೆದುಕೊಂಡು ಹೋಗಿದ್ದೆ.

ನಾನು ಫೈರ್‌ಮ್ಯಾನ್. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಜೋಡುಪಾಲ, ಮಕ್ಕಂದೂರು ಕಡೆ ಕೆಲಸ ಮಾಡಿದವರಲ್ಲಿ ಒಬ್ಬ. ಆ ಕೆಸರಿನಲ್ಲಿ ನಿಂತರೆ ತೊಡೆವರೆಗೆ ಹೂತುಹೋಗುತ್ತಿತ್ತು. ಹಲಗೆ ಹಾಸಿ, ಅದರ ಮೇಲೆ ಬೋರಲು ಮಲಗಿ, ಕೈಯಲ್ಲೇ ಬಗೆಯುತ್ತಿದ್ದೆವು. ಎಲ್ಲ ಕಡೆ ಜೆಸಿಬಿ ಹಾಕಲು ಆಗುವುದಿಲ್ಲ, ಒಳಗೆ ಜೀವ ಇದ್ದರೆ? ಅದಾದ ಮೇಲೆ ಪ್ರತಿ ಮಳೆಗಾಲಕ್ಕೂ ನಿದ್ದೆ ಕೆಡುತ್ತಿತ್ತು. 2024ರ ಜುಲೈ 16ಕ್ಕೆ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಬಿತ್ತು. ಜುಲೈ 30ರ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ಟಿವಿಯಲ್ಲಿ ಅದೇ ಕೆಂಪು ಕೆಸರು. ನನ್ನ ಕೈ ನಡುಗಲು ಶುರುವಾಯಿತು.

ಮೊದಲು ಒಂದು ಖಾಸಗಿ ವೆಲ್‌ನೆಸ್ ಸೆಂಟರ್‌ಗೆ ಹೋಗಿದ್ದೆ. ಹೆಸರು ಬೇಡ. ಮೊದಲ ದಿನವೇ ಹತ್ತಾರು ಜನರನ್ನು ವೃತ್ತದಲ್ಲಿ ಕೂರಿಸಿ, ಜೀವನದಲ್ಲಿ ನೋಡಿದ ಅತ್ಯಂತ ಕೆಟ್ಟ ದೃಶ್ಯ ಹೇಳಿ, ಹೊರಹಾಕಿ ಅಂದರು. ಪಕ್ಕದಲ್ಲಿದ್ದ ಹೆಂಗಸು ಹೇಳುತ್ತಾ ಹೇಳುತ್ತಾ ಉಸಿರು ಸಿಕ್ಕಿಕೊಂಡು ಕುಸಿದರು. ನೋಡಲು ಡಾಕ್ಟರೇ ಇರಲಿಲ್ಲ. ಆ ರಾತ್ರಿ ನನಗೆ ಒಂದು ನಿಮಿಷವೂ ಕಣ್ಣು ಮುಚ್ಚಲಿಲ್ಲ. ದುರಂತದ ಬೆನ್ನಲ್ಲೇ ಒಂದೇ ಸಲಕ್ಕೆ ಎಲ್ಲವನ್ನೂ ಹೇಳಿಸುವ ಪದ್ಧತಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಅವರ ಪ್ರಥಮ ಮಾನಸಿಕ ನೆರವಿನ ಪಾಠ ಸರಳ: ನೋಡಿ, ಕೇಳಿಸಿಕೊಳ್ಳಿ, ಬೇಕಾದ ನೆರವಿಗೆ ಜೋಡಿಸಿ. ಬಾಯಿ ಬಿಡಿಸಿ ಅಂತ ಅದರಲ್ಲಿ ಎಲ್ಲೂ ಇಲ್ಲ.

ಆಮೇಲೆ 14416ಕ್ಕೆ ಫೋನ್ ಮಾಡಿದೆ. ಇದು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನೈಟ್ ಡ್ಯೂಟಿಯಲ್ಲಿ ಸ್ಟೇಷನ್ ಹಿಂದೆ ನಿಂತು ಮಾತಾಡಿದೆ. ಆ ಕಡೆ ಇದ್ದ ಹೆಣ್ಣುಮಗಳು ಏನಾಯಿತು ಅಂತ ಕೆದಕಲಿಲ್ಲ. ನಿದ್ದೆ ಹೇಗಿದೆ, ಊಟ ಸೇರುತ್ತಾ, ಕುಡಿಯೋದು ಜಾಸ್ತಿ ಆಗಿದೆಯಾ, ಜೀವ ಬೇಡ ಅನ್ನಿಸುತ್ತಾ ಅಂತ ಒಂದೊಂದಾಗಿ ಕೇಳಿದರು. ಮನೋವೈದ್ಯರನ್ನು ನೋಡುವುದು ಒಳ್ಳೆಯದು ಅಂದರು. ಹಾಗೆ ನಿಮ್ಹಾನ್ಸ್ ತಲುಪಿದೆ.

ಅಲ್ಲಿ ನನಗೆ ಹಿಡಿಸಿದ್ದು ಅವರು ಹಿಡಿದ ಕ್ರಮ. ಮೊದಲು ಮನೋವೈದ್ಯರು ನೋಡಿದರು. ಇದು ಪಿಟಿಎಸ್‌ಡಿ, ಅಂದರೆ ದೊಡ್ಡ ಆಘಾತ ಕಂಡ ಮೇಲೆ ಮನಸ್ಸಿನಲ್ಲಿ ಉಳಿದುಬಿಡುವ ಕಾಯಿಲೆ ಅಂತ ಬಿಡಿಸಿ ಹೇಳಿದರು. ನಿದ್ದೆ ಮಾತ್ರೆ ಕೊಡಿ ಅಂತ ನಾನೇ ಕೇಳಿದ್ದಕ್ಕೆ, ಇದಕ್ಕೆ ಅದು ಮದ್ದಲ್ಲ, ಅಭ್ಯಾಸವಾಗಿ ಅಂಟಿಕೊಳ್ಳುತ್ತದೆ ಅಂದರು. ಬೇರೆ ಮಾತ್ರೆ ಬರೆದು, ಕೌನ್ಸೆಲಿಂಗ್ ಗೊತ್ತು ಮಾಡಿ, ಜೊತೆಗೆ ಯೋಗಕ್ಕೆ ಕಳಿಸಿದರು.

ಯೋಗ ಅಂದರೆ ನನಗೆ ಒಳಗೇ ಭಯ ಇತ್ತು. ಕಣ್ಣು ಮುಚ್ಚಿದರೆ ಮಣ್ಣು ಜಾರುವ ಸದ್ದು ಬರುತ್ತದೆ. ಅಂಗಾತ ಮಲಗಿದರೆ ಎದೆ ಮೇಲೆ ಭಾರ ಕೂತ ಹಾಗೆ. ಹೇಳಿಕೊಂಡೆ. ಯೋಗ ಥೆರಪಿಸ್ಟ್, "ಕಣ್ಣು ಬಿಟ್ಟೇ ಇರಿ ಸರ್, ಬಾಗಿಲು ಕಾಣುವ ಕಡೆ ಮ್ಯಾಟ್ ಹಾಕಿಕೊಳ್ಳಿ. ಶವಾಸನ ಬೇಡ, ಮಗ್ಗುಲಾಗಿ ಮಲಗಿ" ಅಂದರು. ಅಷ್ಟೇ ಮಾತು. ನನ್ನ ಹೆಗಲು ಅಲ್ಲೇ ಸಡಿಲವಾಯಿತು. ಆಮೇಲೆ ಭ್ರಾಮರಿ. ಬಾಯಿ ಮುಚ್ಚಿ 'ಮ್' ಅಂತ ಉಸಿರು ಮುಗಿಯುವವರೆಗೆ ಗುಂಯ್‌ಗುಡಬೇಕು. ಮೊದಲ ಸಲ ನನ್ನ ಸದ್ದು ನಡುವೆಯೇ ಒಡೆದುಹೋಯಿತು. ಆತ ಏನೂ ಅನ್ನದೆ ತಾನೂ ಜೊತೆಗೆ ಗುಂಯ್‌ಗುಟ್ಟಿದರು. ನಿಧಾನಕ್ಕೆ ಮೂಗಿನ ಎಲುಬಿನಲ್ಲಿ, ಹಲ್ಲಿನಲ್ಲಿ, ಎದೆಗೂಡಿನಲ್ಲಿ ಆ ಅದುರು ಇಳಿಯಿತು. ತಲೆಯಲ್ಲಿದ್ದ ಸದ್ದಿನ ಜಾಗದಲ್ಲಿ ನನ್ನದೇ ಸದ್ದು ಬಂದು ಕೂತಿತು. ಉಸಿರು ಒಳಗೆ ಎಳೆಯುವಾಗ ಎದೆಬಡಿತ ಏರುತ್ತದೆ, ಬಿಡುವಾಗ ಇಳಿಯುತ್ತದೆ. ಬಿಡುವುದನ್ನೇ ಉದ್ದ ಮಾಡಿದರೆ ಮೈ ತಣಿಯುತ್ತದೆ. ಈಗ ಫೈರ್ ಕಾಲ್ ಮುಗಿಸಿ ವಾಪಸ್ ಬರುವಾಗ ಗಾಡಿಯಲ್ಲೇ ಮಾಡುತ್ತೇನೆ, ಪಕ್ಕದವನಿಗೂ ಗೊತ್ತಾಗುವುದಿಲ್ಲ.

ಇದಕ್ಕೆಲ್ಲ ಆಧಾರ ಏನು ಅಂತ ಕೇಳುವವರಿಗೆ: 2004ರ ಸುನಾಮಿ ಆದ ಮೇಲೆ ಬೆಂಗಳೂರಿನ ಯೋಗ ಸಂಶೋಧಕರು ಅಂಡಮಾನ್‌ನಲ್ಲಿ 47 ಸಂತ್ರಸ್ತರಿಗೆ ಒಂದು ವಾರ ಯೋಗ ಕಲಿಸಿ ಅಳೆದು ನೋಡಿದ್ದಾರೆ. ಭಯ, ಆತಂಕ, ದುಃಖ, ನಿದ್ದೆಗೇಡು ಇಳಿದಿತ್ತು. ಅದು ಚಿಕ್ಕ ಅಧ್ಯಯನ, ಒಂದೇ ವಾರದ್ದು, ಆದ್ದರಿಂದ ಅದೊಂದನ್ನೇ ಹಿಡಿದು ಯೋಗವೇ ಸಾಕು, ಡಾಕ್ಟರ್ ಬೇಡ ಅನ್ನುವವರ ಮಾತು ನಂಬಬೇಡಿ. ನನ್ನ ಅನುಭವವೂ ಅದೇ. ಮಾತ್ರೆ ಮತ್ತು ಕೌನ್ಸೆಲಿಂಗ್ ನನ್ನನ್ನು ನಿಲ್ಲಿಸಿದವು, ಉಸಿರಾಟ ದಿನ ದೂಡಲು ನೆರವಾಯಿತು.

ಇನ್ನು ಚಿಕ್ಕಮ್ಮ. ಮಕ್ಕಂದೂರು ಹತ್ತಿರ ಮನೆ, ಕಾಫಿ ತೋಟ ಎರಡೂ ಹೋದವು. ಈಗ ಜಂಬೂರಿನ ಪುನರ್ವಸತಿ ಮನೆಯಲ್ಲಿದ್ದಾರೆ. ಜೋರು ಮಳೆ ಬಂದ ರಾತ್ರಿ ಚೀಲ ಕಟ್ಟಿಕೊಂಡು ಬಾಗಿಲ ಬಳಿ ಕೂತುಬಿಡುತ್ತಾರೆ. ಮನೋವೈದ್ಯರ ಹತ್ತಿರ ಹೋಗೋಣ ಅಂದರೆ, "ನಂಗೇನು ಹುಚ್ಚಾ ಮಗಾ?" ಅನ್ನುತ್ತಿದ್ದರು. ತಲೆನೋವಿಗೆ ಎಣ್ಣೆ ಹಚ್ಚುತ್ತಾರೆ, ಯೋಗ ಇದೆ ಅಂದ ಮೇಲೆ ಹೊರಟರು. ಇಂಥ ವಿಭಾಗದ ನಿಜವಾದ ಬೆಲೆ ನನಗೆ ಕಂಡದ್ದು ಇಲ್ಲಿ. ನಮ್ಮ ಜನ ಸಂಕಟವನ್ನು ಮೈಕೈ ನೋವು, ಎದೆ ಹಿಡಿತ, ತಲೆಭಾರ ಅಂತಲೇ ಹೇಳುತ್ತಾರೆ. ಆ ನೋವನ್ನು ಮುಟ್ಟಿ ನೋಡುವವರು ಸಿಕ್ಕರೆ ಉಳಿದದ್ದು ತಾನಾಗಿ ಬರುತ್ತದೆ. ಅಭ್ಯಂಗ, ಅಂದರೆ ಮೈಗೆ ಎಣ್ಣೆ ತಿಕ್ಕುವುದು, ಮಾಡುತ್ತಿದ್ದ ಹೆಂಗಸಿನ ಹತ್ತಿರ ಚಿಕ್ಕಮ್ಮ ತೋಟದ ಮಾತು ತೆಗೆದರಂತೆ. ಆಮೇಲೆ ಅವರಾಗಿಯೇ ಡಾಕ್ಟರಿಗೆ ಮಳೆ ರಾತ್ರಿಯ ವಿಷಯ ಹೇಳಿದರು. ಸುಮ್ನೆ ಎಣ್ಣೆ ಹಚ್ಚಿ ಕಳಿಸಿದ್ದರೆ ತಲೆನೋವು ಮಾತ್ರ ಹೋಗುತ್ತಿತ್ತು, ಅಲ್ವಾ?

ಆಯುರ್ವೇದದ ಔಷಧಿ ತಗೊಂಡರೆ ಎರಡೂ ಕಡೆಯ ಡಾಕ್ಟರಿಗೆ ಹೇಳಿ. ಒಂದು ಔಷಧಿ ಇನ್ನೊಂದಕ್ಕೆ ಅಡ್ಡಬರಬಾರದು. ಹಣೆಯ ಮೇಲೆ ಧಾರೆಯಾಗಿ ಎಣ್ಣೆ ಬಿಡುವ ಶಿರೋಧಾರೆಯಿಂದ ಚಿಕ್ಕಮ್ಮನಿಗೆ ಹಾಯೆನಿಸಿತು, ಆದರೆ ಮಳೆಯ ಭಯ ಇಳಿದದ್ದು ನಿಧಾನಕ್ಕೆ, ಕೌನ್ಸೆಲಿಂಗ್‌ನಿಂದ.

ಐದಕ್ಕೆ ಐದು ಸ್ಟಾರ್. ಆದರೆ ಕೊಡಗಿನಿಂದ, ಕಾರವಾರದಿಂದ ಬೆಂಗಳೂರು ದೂರ. ಶಿಫ್ಟ್ ಡ್ಯೂಟಿಯವರು, ಕೂಲಿ ಬಿಟ್ಟು ಬರುವವರು ಎಷ್ಟು ಸಲ ಓಡಾಡಲು ಸಾಧ್ಯ? ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2009ರಲ್ಲೇ ದುರಂತದ ನಂತರದ ಮಾನಸಿಕ ಆರೈಕೆಗೆ ಮಾರ್ಗಸೂಚಿ ತಂದಿದೆ. ಜಿಲ್ಲೆಗಳಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ, ಆಯುಷ್ ವೈದ್ಯರೂ ಇದ್ದಾರೆ. ಇಬ್ಬರೂ ಕೂತು ಒಂದೇ ಫೈಲ್ ನೋಡುವಂತೆ ಮಾಡಿ ಅಂತ ನಾನು ಸರ್ಕಾರವನ್ನು ಕೈಮುಗಿದು ಕೇಳುತ್ತೇನೆ. ಗುಡ್ಡ ಕುಸಿಯುವ ಜಿಲ್ಲೆಗಳಲ್ಲಿ ಮೊದಲು ಮಾಡಿ.

ಸರ್ವಿಸ್ ಬುಕ್‌ನಲ್ಲಿ ಬರೆದುಬಿಡುತ್ತಾರೆ ಅಂತ ಹೆದರುವ ಗೆಳೆಯರಿಗೆ ಒಂದು ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವುದು ಡಾಕ್ಟರರ ಕರ್ತವ್ಯ. ಬೆಂಗಳೂರಿಗೆ ಹೋಗಲು ಆಗದಿದ್ದರೆ ತಾಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯಕ್ಕೆ ಅಂತಲೇ ಇರುವ ಮನೋಚೈತನ್ಯ ಕ್ಲಿನಿಕ್ ಯಾವ ಮಂಗಳವಾರ ಇದೆ ಅಂತ ವಿಚಾರಿಸಿ. ಅದೂ ಕಷ್ಟ ಅಂದರೆ ಈ ರಾತ್ರಿಯೇ 14416ಕ್ಕೆ ಫೋನ್ ಮಾಡಿ, ಕನ್ನಡ ಅಂತ ಆರಿಸಿಕೊಳ್ಳಿ.