ಕ್ಯಾಮೆರಾಗೆ ಕರೆಂಟ್ ಕೊಡಲು ಮೂರು ದಾರಿ: ನಾನು ಮಾಡಿ ನೋಡಿದ್ದು

ಸಾಗರದ ಹತ್ತಿರ ನಮ್ಮ ತೋಟದ ಮನೆ. ಅಡಿಕೆ ಒಣಗಿಸುವ ಅಂಗಳ ಕಾಯಲಿ ಅಂತ ನಾಲ್ಕು ಐಪಿ ಕ್ಯಾಮೆರಾ (ನೆಟ್‌ವರ್ಕ್ ಕೇಬಲ್ಲಿನಲ್ಲಿ ಚಿತ್ರ ಕಳಿಸುವಂಥವು) ತಂದೆ. ಕ್ಯಾಮೆರಾ ಆರಿಸಲು ಒಂದು ದಿನ ಸಾಕಾಯಿತು. ಅದಕ್ಕೆ ಕರೆಂಟ್ ಕೊಡುವ ಸರಿಯಾದ ದಾರಿ ಸಿಗಲು ಎರಡು ಮಳೆಗಾಲ ಬೇಕಾಯಿತು.

ಮೊದಲು ಪ್ರತಿ ಕ್ಯಾಮೆರಾ ಪಕ್ಕ ಒಂದು 12 ವೋಲ್ಟ್ ಅಡಾಪ್ಟರ್ ಹಾಕಿದೆ. ಖರ್ಚು ಕಡಿಮೆ, ನಿಜ. ಆದರೆ ಪ್ರತಿ ಕಡೆ ಪ್ಲಗ್ ಪಾಯಿಂಟ್ ಬೇಕು, ಇನ್ವರ್ಟರ್ ಲೈನೂ ಬೇಕು. ಜೂನ್ ಮಳೆಗೆ ಎರಡು ಅಡಾಪ್ಟರ್ ಸುಟ್ಟುಹೋದವು.

ಆಮೇಲೆ ಸ್ಪ್ಲಿಟರ್ ಜೋಡಿ, ಅಂದರೆ ಒಂದೇ ನೆಟ್‌ವರ್ಕ್ ಕೇಬಲ್ಲಿನಲ್ಲಿ ಡೇಟಾ, ಕರೆಂಟ್ ಎರಡನ್ನೂ ಕಳಿಸಲು ಎರಡು ತುದಿಗೆ ಹಾಕುವ ಕನೆಕ್ಟರ್. ಕ್ಯಾಮೆರಾದ ಡೇಟಾಗೆ ಕೇಬಲ್ಲಿನ ಎರಡು ಜೋಡಿ ತಂತಿ ಸಾಕು. ಉಳಿದ ನೀಲಿ, ಕಂದು ಜೋಡಿಗಳಲ್ಲಿ ಅದೇ 12 ವೋಲ್ಟ್ ಕಳಿಸುತ್ತದೆ. ಹಗಲೆಲ್ಲ ಚೆನ್ನಾಗಿತ್ತು. ಕತ್ತಲಾದ ಕೂಡಲೇ ಅಡಿಕೆ ಅಂಗಳದ ಕ್ಯಾಮೆರಾ ಕೆಂಪಗೆ ಮಿನುಗಿ ಆರುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ರಾತ್ರಿಯಿಡೀ ಇದೇ. ಕಳ್ಳ ಬರೋದೇ ರಾತ್ರಿ ಅಲ್ವಾ! ಮಲ್ಟಿಮೀಟರ್ ಹಿಡಿದು ಏಣಿ ಹತ್ತಿದೆ. ಮನೆಯೊಳಗೆ 12.1 ವೋಲ್ಟ್. 55 ಮೀಟರ್ ಆಚೆ, ಕತ್ತಲಲ್ಲಿ ನೋಡಲು ಕ್ಯಾಮೆರಾದಲ್ಲಿರುವ ಐಆರ್ ದೀಪ ಹೊತ್ತಿದಾಗ 8.6. ತಂತಿಯ ತುದಿಯನ್ನು ಚಾಕುವಿನಲ್ಲಿ ಕೆರೆದೆ, ಒಳಗೆ ಬೆಳ್ಳಗಿತ್ತು. ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟ ಕೇಬಲ್ ಅದು, ದಾರಿಯಲ್ಲೇ ವೋಲ್ಟ್ ಹೆಚ್ಚು ಸೋರುತ್ತದೆ. ದಯವಿಟ್ಟು ಕೇಬಲ್ಲಿನಲ್ಲಿ ದುಡ್ಡು ಉಳಿಸಬೇಡಿ. ಪೂರ್ತಿ ತಾಮ್ರದ್ದೇ ಕೇಳಿ ತನ್ನಿ.

ಮೂರನೆಯದು ಪಿಓಇ ಸ್ವಿಚ್, ಅಂದರೆ ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟನ್ನೂ ಕಳಿಸುವ ಸ್ವಿಚ್. ನಾನು ತಂದದ್ದು 802.3ಎಎಫ್ ಅನ್ನೋ ಮಾನದಂಡದ್ದು. ನನ್ನ ಆಯ್ಕೆ ಇದೇ. ಇದು ಸುಮಾರು 48 ವೋಲ್ಟ್ ಕಳಿಸುತ್ತದೆ. ಅಷ್ಟೇ ವ್ಯಾಟ್‌ಗೆ ತಂತಿಯಲ್ಲಿ ಕಾಲು ಭಾಗ ಕರೆಂಟ್ ಹರಿದರೆ ಸಾಕು, ದಾರಿಯಲ್ಲಿ ಸೋರುವುದು ತೀರಾ ಕಮ್ಮಿ. ಆಚೆ ತುದಿಯಲ್ಲಿ ಪಿಓಇ ಸಾಧನ ಇದೆಯೇ ಅಂತ ನೋಡಿಯೇ ಕರೆಂಟ್ ಬಿಡುತ್ತದೆ, ಹಾಗಾಗಿ ತಪ್ಪಿ ಲ್ಯಾಪ್‌ಟಾಪ್ ಸಿಕ್ಕಿಸಿದರೂ ಭಯವಿಲ್ಲ. ಒಂದು ಪೋರ್ಟ್‌ಗೆ 15.4 ವ್ಯಾಟ್, ಕ್ಯಾಮೆರಾ ತಲುಪುವಾಗ 12.95. ನನ್ನವಕ್ಕೆ 7 ಸಾಕು. ತಿರುಗುವ ದೊಡ್ಡ ಕ್ಯಾಮೆರಾ ಇದ್ದರೆ 30 ವ್ಯಾಟಿನ 802.3ಎಟಿ ನೋಡಿ. ಎಲ್ಲ ಪೋರ್ಟ್ ಸೇರಿ ಸ್ವಿಚ್ ಎಷ್ಟು ವ್ಯಾಟ್ ಕೊಡುತ್ತದೆ ಅನ್ನೋದನ್ನೂ ಓದಿಕೊಳ್ಳಿ. ಈಗ ಸ್ವಿಚ್ಚಿಗೆ, ರೆಕಾರ್ಡರ್‌ಗೆ ಸೇರಿ ಒಂದೇ ಯುಪಿಎಸ್. ಲೈನ್ ಹೋದರೂ ನಾಲ್ಕೂ ಕ್ಯಾಮೆರಾ ನಡೆಯುತ್ತವೆ.

ಭಾವನ ಮನೆಯಲ್ಲಿ ಸ್ವಿಚ್ಚಿನ ಬದಲು ಪಿಓಇ ಇರುವ ಎನ್‌ವಿಆರ್ (ಐಪಿ ಕ್ಯಾಮೆರಾದ ರೆಕಾರ್ಡರ್) ಹಾಕಿದೆವು. ಸಿಕ್ಕಿಸಿದರೆ ಸಾಕು, ಕ್ಯಾಮೆರಾವನ್ನು ನೆಟ್‌ವರ್ಕ್‌ನಲ್ಲಿ ಗುರುತಿಸುವ ಐಪಿ ಅಡ್ರೆಸ್ ಅದೇ ಕೊಡುತ್ತದೆ. ಆದರೆ ಎಲ್ಲ ಕೇಬಲ್ಲೂ ಅದರ ತನಕ ಬರಬೇಕು. ಚಿಕ್ಕ ಮನೆಗೆ ಒಳ್ಳೆಯದು. ಸ್ವಿಚ್ಚಿನಲ್ಲಿ ಅಡ್ರೆಸ್ ಕೊಡುವ ಕೆಲಸ ನಮ್ಮದೇ. ನಾಲ್ಕೂ ಕ್ಯಾಮೆರಾ ಒಂದೇ ಅಡ್ರೆಸ್ ಹೊತ್ತು ಬಂದಿದ್ದವು. ಒಂದೊಂದಾಗಿ ಸಿಕ್ಕಿಸಿ, ಪಾಸ್‌ವರ್ಡ್ ಬದಲಿಸಿ, 192.168.1.101ರಿಂದ ಅಡ್ರೆಸ್ ಕೊಟ್ಟೆ.

ಗೇಟ್ ಮಾತ್ರ 140 ಮೀಟರ್ ದೂರ, ಈಥರ್ನೆಟ್ ಮಿತಿ 100. ದೂರ ಹೆಚ್ಚಿಸಲು ಸ್ವಿಚ್ಚಿನಲ್ಲಿರುವ ಎಕ್ಸ್‌ಟೆಂಡ್ ಬಟನ್ ಒತ್ತಿದೆ. ವೇಗ 10 ಎಂಬಿಪಿಎಸ್‌ಗೆ ಇಳಿಯಿತು. ಆ ಕ್ಯಾಮೆರಾಗೆ ಬೇಕಿರುವುದು 4. ಮೂರು ತಿಂಗಳಿಂದ ಒಮ್ಮೆಯೂ ಕಡಿದಿಲ್ಲ.