ಮಿದುಳಿನ ಮಡಿಕೆ ಅಳೆಯುವ ಫ್ರೀಸರ್ಫರ್: ಅಂಕಿಗಿಂತ ಮೊದಲು ಗೆರೆ ನೋಡಬೇಕು

ಮಿದುಳಿನ ತೊಗಟೆಯ (ಹೊರಪದರದ) ಸುಮಾರು ಮೂರನೇ ಎರಡು ಭಾಗ ಮಡಿಕೆಗಳೊಳಗೆ ಅಡಗಿರುತ್ತದೆ. ಮಿದುಳು ವಿಜ್ಞಾನಿ ಕಾರ್ಲ್ ಜಿಲ್ಲೆಸ್ ಮತ್ತು ಸಂಗಡಿಗರು 1988ರಲ್ಲಿ ಮಿದುಳನ್ನು ಕತ್ತರಿಸಿದ ತೆಳು ಪದರಗಳ ಮೇಲೆ, ಮಡಿಕೆಯ ಆಳಕ್ಕೆ ಇಳಿಯುವ ಒಂದು ಗೆರೆಯನ್ನೂ ಮೇಲ್ಮೇಲೆಯೇ ಸವರಿಕೊಂಡು ಹೋಗುವ ಇನ್ನೊಂದನ್ನೂ ಅಳೆದು, ಅವುಗಳ ಅನುಪಾತವನ್ನೇ ಮಡಿಕೆಯ ಅಳತೆಯೆಂದು ಮುಂದಿಟ್ಟರು. ಅದೇ ಲೆಕ್ಕವನ್ನು ಎಂಆರ್‌ಐ ಚಿತ್ರದಿಂದ ಮೂರು ಆಯಾಮಗಳಲ್ಲಿ, ಮೇಲ್ಮೈಯ ಪ್ರತಿ ಬಿಂದುವಿಗೂ ಮಾಡಿಕೊಡುವುದು ಫ್ರೀಸರ್ಫರ್ ತಂತ್ರಾಂಶದ ಲೋಕಲ್ ಗೈರಿಫಿಕೇಶನ್ ಇಂಡೆಕ್ಸ್, ಅಂದರೆ ಆಯಾ ಜಾಗದ ಮಡಿಕೆಯ ಸೂಚ್ಯಂಕ.

ತಂತ್ರಾಂಶ ಉಚಿತ, ಆದರೆ ಈ ಒಂದು ಲೆಕ್ಕಕ್ಕೆ ಹಣ ಕೊಟ್ಟು ಪಡೆಯಬೇಕಾದ ಮ್ಯಾಟ್‌ಲ್ಯಾಬ್ ಎಂಬ ಗಣನೆಯ ತಂತ್ರಾಂಶ ಬೇಕಾಗುವುದು ಸ್ವಲ್ಪ ವಿಚಿತ್ರವೇ. ಸುಮಾರು 1 ಮಿ.ಮೀ. ಸೂಕ್ಷ್ಮತೆಯ ಟಿ1 ಚಿತ್ರ (ಮಿದುಳಿನ ರಚನೆ ತೋರಿಸುವ ಎಂಆರ್‌ಐ) ಕೊಟ್ಟರೆ, ಫ್ರೀಸರ್ಫರ್ ಹಲವು ಗಂಟೆ ದುಡಿದು, ತೊಗಟೆಯ ಕೆಳಗಿನ ಬಿಳಿ ದ್ರವ್ಯದ ಅಂಚನ್ನೂ ತೊಗಟೆಯ ಹೊರ ಅಂಚನ್ನೂ ಗುರುತಿಸುತ್ತದೆ. ಬಳಿಕ 15 ಮಿ.ಮೀ. ವ್ಯಾಸದ ಗೋಳದಿಂದ ಮಡಿಕೆಗಳ ನಡುವಿನ ಬಿರುಕುಗಳನ್ನು ಮುಚ್ಚಿ ನಯವಾದ ಹೊರಕವಚವೊಂದನ್ನು ಕಟ್ಟಿ, ಅದರ ಮೇಲಿನ ಪ್ರತಿ ಬಿಂದುವಿನ ಸುತ್ತ 25 ಮಿ.ಮೀ. ತ್ರಿಜ್ಯದೊಳಗೆ ಸಿಗುವ ತೊಗಟೆಯ ವಿಸ್ತೀರ್ಣವನ್ನು ಕವಚದ ವಿಸ್ತೀರ್ಣದಿಂದ ಭಾಗಿಸುತ್ತದೆ. ಉತ್ತರ 1 ಬಂದರೆ ಅಲ್ಲಿ ಮಡಿಕೆಯಿಲ್ಲ. 5 ಬಂದರೆ ಹೊರಗೆ ಕಾಣುವುದರ ನಾಲ್ಕು ಪಟ್ಟು ಒಳಗೆ ಹುದುಗಿದೆ. ಮಡಿಕೆಗಳ ಆಳದಲ್ಲಿ ಹುದುಗಿರುವ ಇನ್ಸುಲಾ ಎಂಬ ತೊಗಟೆಯ ಭಾಗದ ಸುತ್ತ ಅಂಕಿ ಏರುವುದು ಅಂಗರಚನೆಗೆ ಒಪ್ಪುವಂತಿದೆ.

‘ಲೋಕಲ್’ ಎಂಬ ಹೆಸರನ್ನು ಮಾತ್ರ ಅಕ್ಷರಶಃ ನಂಬಬಾರದು. ಅಷ್ಟು ಅಗಲದ ವೃತ್ತದಲ್ಲಿ ಹಲವು ಮಡಿಕೆಗಳು ಒಟ್ಟಿಗೆ ಬೀಳುವುದರಿಂದ, ನಿರ್ದಿಷ್ಟವಾದ ಒಂದೇ ಬಿರುಕು ಆಳವಾಗಿದೆಯೇ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಸಿಗದು. ಅದಕ್ಕೆ ಬಿರುಕಿನ ಆಳವನ್ನೇ ಬೇರೆಯಾಗಿ ಅಳೆಯಬೇಕು.

ನನ್ನ ಮುಖ್ಯ ತಕರಾರು ಅಳತೆಯ ಬಗ್ಗೆಯಲ್ಲ, ಅದನ್ನು ಕಣ್ಣು ಮುಚ್ಚಿ ಬಳಸುವವರ ಬಗ್ಗೆ. ಸ್ಕ್ಯಾನ್ ವೇಳೆ ತಲೆ ತುಸು ಅಲುಗಿದ ಚಿತ್ರವನ್ನು ಫ್ರೀಸರ್ಫರ್‌ನದೇ ಚಿತ್ರವೀಕ್ಷಕವಾದ ಫ್ರೀವ್ಯೂನಲ್ಲಿ ತೆರೆದು, ಹೊರ ಅಂಚಿನ ಕೆಂಪು ಗೆರೆಯನ್ನು ಒಂದೊಂದೇ ಪದರದಲ್ಲಿ ಹಿಂಬಾಲಿಸಿದರೆ, ಬಿರುಕಿನ ಎರಡು ಗೋಡೆಗಳು ಮಸುಕಾಗಿ ಬೆಸೆದುಕೊಂಡಿರುವ ಕಡೆ ಗೆರೆ ಕೆಳಗಿಳಿಯದೆ ಸೇತುವೆಯಂತೆ ದಾಟಿಬಿಟ್ಟಿರುವುದು ಕಾಣುತ್ತದೆ. ಅಡಗಿದ ವಿಸ್ತೀರ್ಣ ಲೆಕ್ಕಕ್ಕೇ ಬಾರದೆ, ಇರುವ ಮಡಿಕೆಯೂ ಅಂಕಿಯಲ್ಲಿ ಕಡಿಮೆಯಾಗುತ್ತದೆ. ಮಕ್ಕಳನ್ನೂ ವಯಸ್ಕರನ್ನೂ ಹೋಲಿಸುವಾಗ ಇದು ದೊಡ್ಡ ಅಪಾಯ. ಮಕ್ಕಳೇ ಹೆಚ್ಚು ಅಲುಗಾಡುವುದರಿಂದ, ಚಲನೆಯ ವ್ಯತ್ಯಾಸವೇ ಮಿದುಳಿನ ವ್ಯತ್ಯಾಸದ ವೇಷ ತೊಟ್ಟು ಬರಬಹುದು.

ಗುಂಪುಗಳ ಹೋಲಿಕೆಗೆ ಈ ಸಾಧನವನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಆದರೆ ಎಲ್ಲ ಚಿತ್ರಗಳನ್ನೂ ಒಂದೇ ಆವೃತ್ತಿಯಲ್ಲಿ, ಒಂದೇ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಓಡಿಸಬೇಕು. ಗೆರೆಗಳನ್ನು ತಿದ್ದುವವರಿಗೆ ಯಾವ ಚಿತ್ರ ಯಾವ ಗುಂಪಿನದೆಂದು ತಿಳಿದಿರಬಾರದು.